ಹಿಂದಿನ ಸೀಟಿಗೂ ಕೇಳಬೇಕು

ತಂಗಿಯ ಮದುವೆಯ ಲಗ್ನಪತ್ರಿಕೆ ಹಂಚುವುದಕ್ಕೆಂದು ನಾನೊಂದು ಜಿಪಿಎಸ್ ಯಂತ್ರ ಕೊಂಡೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ವರ್ಷಗಳು. ಫೋನಿನಲ್ಲೇ ದಾರಿ ನೋಡಿಕೊಳ್ಳುವ ಕಾಲ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಹುಣಸೂರಿನಲ್ಲಿ ನನ್ನದು ಪಂಪುಸೆಟ್ಟು, ಪೈಪುಗಳ ಅಂಗಡಿ. ಜೊತೆಗೊಂದು ಹಳೆಯ ಕಾರು. ನೆಂಟರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನಲ್ಲಿ ಹರಡಿಕೊಂಡಿದ್ದರು. ಅರ್ಧದಷ್ಟು ಜನ ಊರೊಳಗೇ ಇರಲಿಲ್ಲ, ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದರು. ನಾಲೆ ಏರಿಯ ಮೇಲೆ ಕಾರು ನಿಲ್ಲಿಸಿ, ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ನಡೆದು ಹೋಗಬೇಕು. ಆದ್ದರಿಂದ ಕಾರಿನಲ್ಲೂ ಕೈಯಲ್ಲೂ ಕೆಲಸ ಮಾಡುವಂಥದ್ದು ಬೇಕಿತ್ತು.

ಕೇಳಿದವರಿಗೆಲ್ಲ ಹೀಗೇ ಹೇಳಿದೆ. ಇದರಲ್ಲಿ ಸುಳ್ಳಿಲ್ಲ. ಆದರೆ ಅಲ್ಲಿಯವರೆಗೆ ನಮ್ಮ ಮನೆಯ ಯಾವ ಮದುವೆಗೂ ಯಂತ್ರ ಬೇಕಾಗಿರಲಿಲ್ಲ, ಸೋದರಮಾವ ಇದ್ದರು.

ಮಾವ ಅಮ್ಮನ ಅಣ್ಣ. ಪಿರಿಯಾಪಟ್ಟಣದ ಹತ್ತಿರ ಅವರ ಊರು. ಅಪ್ಪ ತೀರಿಹೋದ ಮೇಲೆ ನಮ್ಮ ಮನೆಗೆ ಹಿರಿಯರೆಂದರೆ ಅವರೇ. ಪತ್ರಿಕೆ ಹಂಚಲು ಹೊರಟರೆ ಅವರು ಒಗೆದು ಮಡಿಸಿದ ಪಂಚೆ ಉಟ್ಟು, ಕುಂಕುಮದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಪ್ರತಿ ಮನೆಯಲ್ಲೂ ಕೂತು, ಎಲೆ ಅಡಿಕೆ ಹಾಕಿ, ಹಸು ಕರು ಹಾಕಿತೇ, ಬಾವಿಯಲ್ಲಿ ನೀರಿದೆಯೇ ಎಂದು ವಿಚಾರಿಸಿ, ಆಮೇಲೆ ಪತ್ರಿಕೆ ತೆಗೆಯುವುದು. ಒಂದು ಮನೆಗೆ ಅರ್ಧ ಬೆಳಗ್ಗೆ ಹೋಗುತ್ತಿತ್ತು. ಈಚೆಗೆ ಅವರಿಗೆ ಮಂಡಿನೋವು ಬೇರೆ. ಕಾರು ಹತ್ತುವುದಕ್ಕೂ ಇಳಿಯುವುದಕ್ಕೂ ಯಾರಾದರೂ ತೋಳು ಹಿಡಿಯಬೇಕು. ನನ್ನ ಹೆಂಡತಿಗೆ ಶಾಲೆಯಲ್ಲಿ ಸಿಕ್ಕಿದ್ದು ಸಣ್ಣ ರಜೆ. ಮಾವ ಜೊತೆಗಿದ್ದರೆ ಮುಗಿಯುವುದಿಲ್ಲ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಅಂಥ ಮಾವನನ್ನೇ ಯಂತ್ರ ಆರಿಸಲು ಮೈಸೂರಿಗೆ ಕರೆದುಕೊಂಡು ಹೋದೆ. ಅವರ ಮಂಡಿಯನ್ನು ಡಾಕ್ಟರಿಗೆ ತೋರಿಸುವುದೂ ಇತ್ತು, ಅಲ್ಲಿಂದ ಅಂಗಡಿಗೆ ಹೋದೆವು.

ಅಂಗಡಿಯವನು ಗಾಜಿನ ಮೇಲೆ ಮೂರು ಬಗೆಯವನ್ನು ಇಟ್ಟ. ಒಂದರ ಪರದೆ ಅಂಗೈಗಿಂತ ದೊಡ್ಡದು. ಕಾರಿನ ಗಾಜಿಗೆ ಅಂಟಿಸಿ, ಸಿಗರೇಟು ಹಚ್ಚುವ ತೂತಿಗೆ ವೈರು ಸಿಕ್ಕಿಸಿದರೆ ಚೆನ್ನಾಗಿ ಓಡುತ್ತದೆ. ಕಿತ್ತು ಕೈಗೆ ತೆಗೆದುಕೊಂಡರೆ ಒಂದು ಹೊಲ ದಾಟುವಷ್ಟರಲ್ಲಿ ಬ್ಯಾಟರಿ ಸಾಯುತ್ತದೆ. ಇನ್ನೊಂದು ಪೆನ್ಸಿಲ್ ಸೆಲ್ ಹಾಕುವ ಗಟ್ಟಿ ಡಬ್ಬಿ. ಕಾಡು ಸುತ್ತುವವರಿಗೆ ಮಾಡಿದ್ದು. ನೀರು ಬಿದ್ದರೂ ಏನಾಗುವುದಿಲ್ಲ, ಆದರೆ ಮಾತಾಡುವುದಿಲ್ಲ, ಬೆಂಕಿಪೆಟ್ಟಿಗೆಯಷ್ಟು ಪರದೆಯಲ್ಲಿ ಒಂದು ಬಾಣ ತೋರಿಸುತ್ತದೆ ಅಷ್ಟೆ. ಓಡಿಸುತ್ತ ಅದನ್ನು ನೋಡುವಂತಿಲ್ಲ. ಮೂರನೆಯದು ಇವೆರಡರ ನಡುವಿನದು. ಮಾತಾಡುತ್ತದೆ, ನಡೆಯುವಾಗ ಬೇರೆ, ಓಡಿಸುವಾಗ ಬೇರೆ ದಾರಿ ತೋರಿಸುತ್ತದೆ, ಒಮ್ಮೆ ಹೋದ ಮನೆಯ ಗುರುತು ಇಟ್ಟುಕೊಳ್ಳುತ್ತದೆ.

ಮಾವ ಒಂದೊಂದನ್ನೂ ತಿರುಗಿಸಿ ಬೆನ್ನು ನೋಡಿದರು. ಅಂಗಡಿಯ ದೀಪದಲ್ಲಿ ಎಲ್ಲವೂ ಹೊಳೆಯುತ್ತವೆ, ಬಿಸಿಲಿಗೆ ಹಿಡಿದು ನೋಡಬೇಕು ಎಂದರು. ಅಂಗಡಿಯವನು ನಕ್ಕು ಮೂರನೆಯದನ್ನು ಅವರ ಕೈಗೆ ಕೊಟ್ಟ. ಅವರು ಅಂಗಡಿಯ ಮುಂದೆ ಕುಂಟುತ್ತ ಅತ್ತಿಂದಿತ್ತ ನಡೆದು, ನಿಂತು, ಮತ್ತೆ ನಡೆದರು.

“ನಾನ್ ನಿಂತ್ಕಂಡ್ರೆ ಇದೂ ನಿಂತ್ಕತದೆ ಕಣಪ್ಪ,” ಎಂದರು ಒಳಗೆ ಬಂದು. “ನಿಮ್ಮತ್ತೆಗಿಂತ ವಾಸಿ.”

ಅವರು ಹೊರಗಿದ್ದಾಗ ಅಂಗಡಿಯವನು ನನಗೆ ಇನ್ನೊಂದು ಅನುಕೂಲ ತೋರಿಸಿದ್ದ. ಹೋಗಬೇಕಾದ ಊರುಗಳನ್ನೆಲ್ಲ ಕೊಟ್ಟುಬಿಟ್ಟರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಅದೇ ಜೋಡಿಸಿಕೊಡುತ್ತದೆ. ಅಷ್ಟು ಕೇಳಿದ್ದೇ ನಾನು ಅದನ್ನು ಕೊಳ್ಳಲು ತೀರ್ಮಾನಿಸಿದೆ. ಮಾವ ಒಂದು ಮಾತು ಸೇರಿಸಿದರು.

“ಸದ್ದು ಜೋರಾಗದಾ ನೋಡು. ಹಿಂದಿನ ಸೀಟಿಗೂ ಕೇಳ್ಬೇಕು.”

ಅಂಗಡಿಯವನು ಗುಂಡಿ ಒತ್ತಿ ಸದ್ದು ಏರಿಸಿದ. ಮಾವ ಎರಡು ಹೆಜ್ಜೆ ಹಿಂದೆ ಸರಿದು, ಕಿವಿ ಒಡ್ಡಿ, ಕೇಳುತ್ತದೆ ಎಂದು ತಲೆಯಾಡಿಸಿದರು. ಆ ಸೀಟಿನಲ್ಲಿ ಅವರಿರುವುದಿಲ್ಲ ಎಂದು ಆಗ ಹೇಳಿಬಿಡಬಹುದಿತ್ತು. ನಾನು ಬಿಲ್ಲು ಬರೆಸಿದೆ.

ಹೊರಡುವ ಹಿಂದಿನ ದಿನ ಅವರ ಮನೆಗೆ ಫೋನು ಮಾಡಿದೆ. ಅತ್ತೆ ಎತ್ತಿಕೊಂಡರು. ಮಾವನಿಗೆ ಮಂಡಿನೋವು, ಸುಮ್ಮನೆ ಏಕೆ ತ್ರಾಸ, ಯಂತ್ರ ಇದೆಯಲ್ಲ, ನಾವೇ ಮುಗಿಸಿಕೊಂಡು ಬರುತ್ತೇವೆ ಎಂದೆ. ಅತ್ತೆ ಅದನ್ನು ಒಳಗೆ ಕೂಗಿ ಹೇಳಿದ್ದು ಕೇಳಿಸಿತು. ಒಳಗಿನಿಂದ ಮಾವನ ದನಿ, “ಆಯ್ತು ಬುಡು” ಎಂದಿತು.

ನಮ್ಮಲ್ಲಿ ಪತ್ರಿಕೆಗೊಂದು ಸಾಲಿದೆ. ಮೊದಲನೆಯದು ಮನೆದೇವರಿಗೆ. ಎರಡನೆಯದು ದೊಡ್ಡಮನೆಗೆ, ಅಂದರೆ ವಂಶದ ಹಿರಿಯ ಮನೆಗೆ. ಅಲ್ಲಿ ಕೊಟ್ಟ ಮೇಲೆಯೇ ಉಳಿದವರಿಗೆ. ನಮ್ಮ ದೊಡ್ಡಮನೆ ಕೋಟೆ ದಾಟಿ ಕಾಡಂಚಿನ ಅಂತರಸಂತೆಯಲ್ಲಿ, ಅಪ್ಪನ ಅಣ್ಣನದು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಯಂತ್ರ ಊರುಗಳನ್ನು ಜೋಡಿಸಿದಾಗ ಬಿಳಿಕೆರೆ ಮೊದಲು ಬಂತು, ಅಂತರಸಂತೆ ಎಲ್ಲಕ್ಕಿಂತ ಕೊನೆಗೆ. ಪರದೆಯ ಮೇಲೆ ಆ ಗೆರೆ ಎಲ್ಲೂ ಗಂಟಾಗದೆ ಸುತ್ತಿಕೊಂಡು ಬಂದಿತ್ತು. ಅಂತರಸಂತೆಯನ್ನು ಮೊದಲಿಗೆ ತಂದು ನೋಡಿದೆ, ಒಂದು ದಿನ ಹೆಚ್ಚಾಯಿತು. ಮತ್ತೆ ಮೊದಲಿದ್ದಂತೆಯೇ ಮಾಡಿದೆ. ಕಾರಿನಲ್ಲಿ ಹೋಗುವವರಿಗೆ ಯಾರು ಮೊದಲು, ಯಾರು ಆಮೇಲೆ ಎಂದು ಯಾರು ಕೇಳುತ್ತಾರೆ ಎಂದುಕೊಂಡೆ.

ಯಂತ್ರ ಒಮ್ಮೆಯೂ ದಾರಿ ತಪ್ಪಿಸಲಿಲ್ಲ. ಕೆ.ಆರ್. ನಗರದ ಕಡೆ ಒಂದು ಕಬ್ಬಿನ ಗದ್ದೆಯೊಳಗಿನ ಮನೆಗೂ ಅದನ್ನು ಕೈಯಲ್ಲಿ ಹಿಡಿದೇ ತಲುಪಿದೆವು. ಮಾವ ಇಲ್ಲವೇ ಎಂದು ಎಲ್ಲ ಮನೆಯಲ್ಲೂ ಕೇಳಿದರು. ಮಂಡಿನೋವು ಎಂದು ಎಲ್ಲ ಮನೆಯಲ್ಲೂ ಹೇಳಿದೆವು.

ಅಂತರಸಂತೆಗೆ ಹೋದಾಗ ಇನ್ನೂ ಬಿಸಿಲಿತ್ತು. ದೊಡ್ಡಪ್ಪ ಜಗುಲಿಯ ಮೇಲೆ ಕೂತಿದ್ದರು. ಕಾಲಿಗೆ ನೀರು ಕೊಡಿಸಿದರು, ಬೆಲ್ಲ ನೀರು ಬಂತು. ನನ್ನ ಹೆಂಡತಿ ಕುಂಕುಮದ ಡಬ್ಬಿ ತೆರೆದು ದೊಡ್ಡವ್ವನ ಹಣೆಗೆ ಕೈ ತಂದಳು. ದೊಡ್ಡವ್ವ ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು.

“ಇರ್ಲಿ ಕಣವ್ವ, ಆಮ್ಯಾಕೆ.”

ಬಿಳಿಕೆರೆಯ ಚಿಕ್ಕಮ್ಮ, ಅಂದರೆ ಅಪ್ಪನ ತಮ್ಮನ ಹೆಂಡತಿ, ಈ ಸಲ ಪತ್ರಿಕೆ ತಮಗೇ ಮೊದಲು ಬಂತೆಂಬ ಖುಷಿಗೆ, ಅಂದೇ ಅಂತರಸಂತೆಗೆ ಫೋನು ಮಾಡಿ ನಿಮಗೂ ಬಂತಾ ಎಂದು ಕೇಳಿದ್ದರಂತೆ. ದೊಡ್ಡಪ್ಪ ಇದನ್ನು ದನಿ ಏರಿಸದೆ ಹೇಳಿದರು. ನಾನು ಎದ್ದು ನಿಂತು, ತಪ್ಪು ನನ್ನದು, ಸಾಲು ಗೊತ್ತಿದ್ದೂ ಯಂತ್ರ ಹೇಳಿದಂತೆ ಬಂದೆ, ಮಾವನಿಗೆ ಇದು ಏನೂ ತಿಳಿಯದು ಎಂದೆ. ಯಂತ್ರವನ್ನೂ ತೋರಿಸಿದೆ. ಅವರು ಅದರ ಕಡೆ ನೋಡಲಿಲ್ಲ.

“ನಿನ್ ಮ್ಯಾಲೆ ಏನ್ಲಾ ಕ್ವಾಪ, ನೀನ್ ಹುಡ್ಗ,” ಎಂದರು. “ನಿಮ್ಮಾವ ಇದ್ದೂ ಇಂಗಾಯ್ತಲ್ಲ. ಅವ್ನು ಬರ್ಲಿ.”

ಪತ್ರಿಕೆ ಜಗುಲಿಯ ಮೇಲೆ ಹಾಗೇ ಇತ್ತು. ಹೆಂಡತಿ ಅದನ್ನು ವಾಪಸು ಚೀಲಕ್ಕೆ ಹಾಕಿದಳು.

ಅಲ್ಲಿಂದ ನೇರ ಮಾವನ ಮನೆಗೆ ಹೋದೆವು. ನಡೆದದ್ದನ್ನೆಲ್ಲ ಹೇಳಿದೆ, ನನ್ನ ಲೆಕ್ಕಾಚಾರವನ್ನೂ ಮುಚ್ಚಿಡಲಿಲ್ಲ. ಅವರು ಬೈಯಲಿಲ್ಲ. ಹಗ್ಗದ ಮೇಲೆ ಒಂದು ಪಂಚೆ ಮಡಿಕೆ ಬಿಚ್ಚದೆ ನೇತಾಡುತ್ತಿತ್ತು. ನಾವು ಕರೆಯಬಹುದೆಂದು ಒಗೆದು ಇಟ್ಟಿದ್ದೆಂದು ಅತ್ತೆ ಹೇಳಿದರು. ಮಾವ ಆ ಮಾತನ್ನು ತಡೆದು, ನಾಳೆ ಹೋಗೋಣ ಎಂದರು.

ಮರುದಿನ ಅಂತರಸಂತೆಯ ಹೊರಗೇ ಕಾರು ನಿಲ್ಲಿಸಲು ಹೇಳಿದರು. ತಪ್ಪು ಒಪ್ಪಿಕೊಳ್ಳಲು ಹೋಗುವವರು ಬಾಗಿಲ ತನಕ ಗಾಡಿಯಲ್ಲಿ ಹೋಗುವುದಿಲ್ಲ. ನಾನು ತೋಳು ಹಿಡಿಯಲು ಹೋದೆ, ಕೈ ಬಿಡಿಸಿಕೊಂಡರು. ಬೀದಿಯುದ್ದಕ್ಕೂ ಜನ ಅವರ ಕಾಲನ್ನೇ ನೋಡುತ್ತಿದ್ದರು. ಎರಡು ಕಡೆ ನಿಂತು ಗೋಡೆ ಹಿಡಿದುಕೊಂಡರು. ನಾನೂ ಹಿಂದೆ ನಿಂತೆ.

ಜಗುಲಿಯ ಕೆಳಗೆ ನಿಂತೇ ಕೈ ಮುಗಿದರು.

“ನಾನೇ ಯೋಳ್ದೋನು ಕಣ್ ಬಾವ, ಬಿಳಿಕೆರೆ ದಾರೀಲೇ ಅದೆ ಮೊದ್ಲು ಮುಗಿಸ್ಕಳಿ ಅಂತ. ದೊಡ್ಮನೆ ಮರ್ತೇ ಓಗಿತ್ತು. ತಪ್ಪಾಯ್ತು.”

ನಾನು ಬಾಯಿ ತೆರೆದೆ. ಮಾವ ತಿರುಗಿ ನೋಡಿದರು, ಅಷ್ಟೆ. ದೊಡ್ಡಪ್ಪ ಇಳಿದು ಬಂದು ಅವರ ಕೈ ಹಿಡಿದು ಮೇಲೆ ಹತ್ತಿಸಿಕೊಂಡರು. ದೊಡ್ಡವ್ವ ಕುಂಕುಮ ಇಡಿಸಿಕೊಂಡರು. ಊಟವಾಯಿತು. ಮದುವೆಗೆ ದೊಡ್ಡಮನೆಯವರು ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಸಾಲಿನಲ್ಲಿ ಕೂತರು.

ಎಲ್ಲ ಸರಿಹೋಯಿತೆಂದು ಅಮ್ಮ ನಿಟ್ಟುಸಿರು ಬಿಟ್ಟರು. ನನಗೆ ಹಾಗೆನ್ನಿಸಿದ್ದೂ ಕೆಲವೇ ದಿನ. ಮಾವನಿಗೆ ಮರೆವು ಶುರುವಾಗಿದೆ ಎಂಬ ಮಾತು ನೆಂಟರ ಮನೆಗಳಲ್ಲಿ ಹರಡಿತು. ದೊಡ್ಡಮನೆಯನ್ನೇ ಮರೆತರಂತೆ, ಪಾಪ, ವಯಸ್ಸಾಯಿತು ಎನ್ನುತ್ತಿದ್ದರು. ಹಾಗಲ್ಲ, ಮರೆತವರು ಅವರಲ್ಲ ಎಂದು ಕಂಡಕಂಡವರಿಗೆ ನಾನು ಬಿಡಿಸಿ ಹೇಳಿದೆ. ಮಾವನ ಮರ್ಯಾದೆ ಉಳಿಸಲು ಎಷ್ಟು ಒದ್ದಾಡುತ್ತಾನೆ ನೋಡಿ ಎಂದು ನನ್ನನ್ನೇ ಮೆಚ್ಚಿಕೊಂಡರು. ಮಾವನ ಬಾಯಿಂದ ಬಂದದ್ದನ್ನು ನನ್ನ ಬಾಯಿಂದ ಅಳಿಸಲಾಗಲಿಲ್ಲ.

ಮುಂದಿನ ವರ್ಷ ಬಿಳಿಕೆರೆ ಚಿಕ್ಕಮ್ಮನ ಮಗನ ಮದುವೆ ಗೊತ್ತಾಯಿತು. ಪತ್ರಿಕೆ ಹಂಚಲು ಚಿಕ್ಕಮ್ಮ ನನ್ನನ್ನು ಕರೆದರು. ಮಾವನಿಗೆ ಹೇಳೋಣ ಎಂದೆ. ಅವರಿಗೆ ಈಗ ನೆನಪಿರುವುದಿಲ್ಲಪ್ಪ, ನಿನ್ನ ಹತ್ತಿರ ಮಿಷನ್ನು ಇದೆಯಲ್ಲ ಎಂದರು. ನಾನು ಅಂತರಸಂತೆಯನ್ನು ಮೊದಲು ಮುಗಿಸಿ, ಮಾವನ ಮನೆಯ ಮುಂದೆ ಕಾರು ನಿಲ್ಲಿಸಿದೆ. ಉಳಿದ ಊರುಗಳಿಗೆ ಜೊತೆಗೆ ಬನ್ನಿ ಎಂದು ಕೇಳಿಕೊಂಡೆ. ಹಿಂದಿನ ಬಾಗಿಲು ತೆರೆದೇ ಇಟ್ಟಿದ್ದೆ.

ಅವರು ಕಾರಿನ ಕಡೆ ನೋಡಿ, ನನ್ನ ಕಡೆ ನೋಡಿದರು. ಅಲ್ಲಿ ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ಕರೀಬೇಕಾದೋರು ಮದ್ವೆ ಮನೇರು ಕಣಪ್ಪ, ನೀನಲ್ಲ,” ಎಂದರು.

ಆಮೇಲೆ ಒಳಗೆ ಹೋಗಿ ಹೆಗಲಿಗೆ ಟವಲು ಹಾಕಿಕೊಂಡು ಬಂದರು. ಅತ್ತೆ ಚಾಪೆ ಹಾಸಿದರು. ನಾನು ಪತ್ರಿಕೆ ತೆಗೆದೆ. ಮಾವ, ಹಿರಿಯರ ಕೈಯಿಂದ ತೆಗೆದುಕೊಳ್ಳುವ ಹಾಗೆ, ಮಂಡಿಯ ಮೇಲೆ ಕೈ ಊರಿ ಚಾಪೆಯಿಂದ ಎದ್ದು ನಿಂತು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು.