ಹಿಂದಿನ ಓಣಿಗಿಂತ ಒಂದು ಕೈ ಮೇಲು
ಗಜೇಂದ್ರಗಡದ ಮುಂದಿನ ಓಣಿಯ ಮಹಿಳಾ ಉಳಿತಾಯ ಸಂಘಕ್ಕೆ ಅಧ್ಯಕ್ಷೆ ಎಂದರೆ ಗಾಳೆವ್ವನಂಥವಳು: ನಿದ್ದೆಯಲ್ಲೂ ಹಿಂದಿನ ಓಣಿಯ ಸಂಘದ ಮೇಲೆ ಒಂದು ಕಣ್ಣು. ಅಲ್ಲಿನ ಅಧ್ಯಕ್ಷೆ ರಮಾಬಾಯಿ ಹುಡುಗರ ವಾಚನಾಲಯಕ್ಕೆ ಸಾಲ ಕೊಟ್ಟಳೆಂದರೆ ಇಲ್ಲಿ ಗಾಳೆವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ತಬಲಾ ತರಗತಿಗೆ ಕೊಟ್ಟಾಗಲಂತೂ, “ಆಕಿ ತಬಲಾ ಕೊಡಸಿದ್ರ ನಾವು ಹಾರ್ಮೋನಿಯಂ ಕೊಡಸೂಣ್ರೆವ್ವಾ!” ಎಂದು ಇಡೀ ಸಭೆಯನ್ನು ಒಪ್ಪಿಸಿದಳು; ಅದನ್ನು ನುಡಿಸಬಲ್ಲವರು ಓಣಿಯಲ್ಲಿ ಒಬ್ಬರೂ ಇಲ್ಲವೆಂಬುದು ಪೆಟ್ಟಿಗೆ ಮನೆಗೆ ಬಂದ ಮೇಲೆ ತಿಳಿಯಿತು. ಈಗ ರಮಾಬಾಯಿ ಕಬಡ್ಡಿ ಹುಡುಗರಿಗೆ ಬೂಟು ಕೊಡಿಸಿದ್ದರಿಂದ, ಗಾಳೆವ್ವ ತನ್ನ ಓಣಿಯ ಹುಡುಗಿಯರ ಖೊಖೊ ತಂಡಕ್ಕೆ ಸಾಲ ಕೊಡಿಸಿದಳು. ಮದುವೆಗೆಂದು ಶಾಲೆ ಬಿಡಿಸುವವರೆಗೆ ತಾನೂ ಆಡಿದ ಆಟ ಅದು. ಆಟದ ಅಂಗಿಗಳ ಗಂಟು ಬಂದಾಗ ಒಂದನ್ನು ಬಿಚ್ಚಿ, ಸೀರೆಯ ಮೇಲೆಯೇ ಹೆಗಲಿಗೆ ಹಿಡಿದು ನೋಡಿದಳು. ಅರ್ಧ ಮೈಗೂ ಬರಲಿಲ್ಲ. ಅಷ್ಟರಲ್ಲಿ ತಂಡದ ನಾಯಕಿ ಮೇಘಾ ಒಳಗೆ ಬಂದಳು. “ಏನ ಇಷ್ಟ ಸಣ್ಣವು ತಂದೀರಿ?” ಎಂದು ಗಾಳೆವ್ವ ಸಿಡುಕಿದಳು. “ನಮಗ ಬರೋಬ್ಬರಿ ಆಗ್ತಾವ್ರಿ, ದೊಡ್ಡವ್ವಾ!” ಎಂದು ಮೇಘಾ ಅಂಗಿಯನ್ನು ಕಸಿದುಕೊಂಡು ಮೈದಾನದ ಕಡೆಗೆ ಓಡಿದಳು. ಓಡುವ ಆ ಕಾಲುಗಳನ್ನೇ ನೋಡುತ್ತ ನಿಂತ ಗಾಳೆವ್ವನ ಹೊಟ್ಟೆ ಉರಿಯಿತು. ಆ ಉರಿಗೂ ರಮಾಬಾಯಿಗೂ ಸಂಬಂಧವಿರಲಿಲ್ಲ.