ಜಾವಾದ ಗದ್ದೆಗೆ ಮಿಶ್ರಿಕೋಟಿಯ ಪ್ರಶ್ನೆ

“ಎಲೆಕ್ಷನ್ ಆದಮ್ಯಾಲೂ ಈ ಹೆಣ್ಮಕ್ಕಳು ಮುಯ್ಯಾಳು ಬರ್ತಾರೇನು?”

ಇಂಡೋನೇಷ್ಯಾದ ರಾಜಕೀಯದ ಬಗ್ಗೆ ನಾನು ಕೇಳಿಸಿಕೊಂಡ ಅತ್ಯುತ್ತಮ ಪ್ರಶ್ನೆ ಇದು. ಕೇಳಿದವಳು ಮಿಶ್ರಿಕೋಟಿಯ ನನ್ನ ಅಕ್ಕ ಗಂಗವ್ವ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು.

ಅಕ್ಕನ ಮಗಳು ಸವಿತಾ ಜಾವಾ ದ್ವೀಪದ ಒಂದು ಹಳ್ಳಿಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಭತ್ತ, ಬಳಗ, ಊರ ಮುಖ್ಯಸ್ಥನ ಚುನಾವಣೆ, ಮೂರೂ ಸೇರಿದ ಸಂಶೋಧನೆ. ಸೇರಿದ್ದೇ ತಪ್ಪಾಯಿತು. “ಇದು ಕೃಷಿನೋ, ಸಮಾಜಶಾಸ್ತ್ರನೋ, ರಾಜ್ಯಶಾಸ್ತ್ರನೋ? ಒಂದನ್ನ ಆರಿಸ್ಕೋ, ಇಲ್ಲಾಂದ್ರ ವಿಷಯಾನ ಬಿಡು” ಎಂದು ಯೂನಿವರ್ಸಿಟಿಯ ಕಮಿಟಿ ಹೇಳಿ ಕಳಿಸಿತ್ತು. ಸೋಮವಾರ ಕೊನೆಯ ಅವಕಾಶ. ಕಮಿಟಿ ಒಪ್ಪದಿದ್ದರೆ, ಎಂಟು ತಿಂಗಳು ಅಲ್ಲಿದ್ದು ಬರೆದುಕೊಂಡು ಬಂದ ನೋಟ್‌ಬುಕ್ಕುಗಳೆಲ್ಲ ಅಟ್ಟಕ್ಕೆ.

ಭಾನುವಾರ ಅಕ್ಕನ ಮನೆಯಲ್ಲಿ ರಿಹರ್ಸಲ್. ಕೇಳುಗರು ಅಕ್ಕ ಮತ್ತು ನಾನು. (“ಒಂದ ಸಬ್ಜೆಕ್ಟ್ ಇಟ್ಕೊಂಡು ಪಾರಾಗು” ಎಂದು ನಾನು ಆಗಲೇ ಉಪದೇಶ ಮುಗಿಸಿದ್ದೆ. ಪುಕ್ಕಟೆ ಬುದ್ಧಿ ಹೇಳುವುದು ಅಂಕಣಕಾರರ ಚಟ.) ಲ್ಯಾಪ್‌ಟಾಪಿನಲ್ಲಿ ಗದ್ದೆಯ ಫೋಟೊ ಬಂತು. ಸಾಲಾಗಿ ಬಗ್ಗಿ ಭತ್ತದ ನಡುವಿನ ಕಸ ತೆಗೆಯುತ್ತಿರುವ ಹೆಂಗಸರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಪಗಾರದ ಮಾತಿಲ್ಲ. ಥೇಟ್ ನಮ್ಮ ಮುಯ್ಯಾಳು. ಅಕ್ಕ ಆ ಪ್ರಶ್ನೆ ಕೇಳಿದ್ದು ಆಗಲೇ.

ಸವಿತಾ ನೋಟ್‌ಬುಕ್ ತಿರುವಿದಳು. ಗದ್ದೆಗೆ ಯಾರ್ಯಾರು ಬಂದರೆಂದು ದಿನಾ ಬರೆದಿದ್ದಳು. ಯಾರು ಬರಲಿಲ್ಲ ಎಂಬುದನ್ನು ನೋಡಿಯೇ ಇರಲಿಲ್ಲ. ಚುನಾವಣೆಗೆ ಮುಂಚಿನ ಹೆಸರು, ನಂತರದ ಹೆಸರು ಎದುರುಬದುರು ಇಟ್ಟಳು. ನಾಲ್ಕು ಹೆಸರು ಮಾಯ. ನಾಲ್ವರೂ ಸೋತವನ ಬಳಗದವರು.

“ನಿನಗ ಹೆಂಗ ಗೊತ್ತಾತು ಯವ್ವಾ?”

“ಅದರಾಗ ಗೊತ್ತಾಗೋದೇನೈತಿ? ಪಂಚಾಯ್ತಿ ಎಲೆಕ್ಷನ್ ಆದಾಗಿಂದ ಬಾಜು ಹೊಲದ ಶಾಂತವ್ವ ನಮ್ಮ ಹೊಲಕ್ಕ ಕಾಲಿಟ್ಟಿಲ್ಲ.”

“ನೀ ಕರದೀಯೇನು?”

“ಆಕಿ ಗಂಡ ನಿಮ್ಮ ಕಾಕಾನ ಎದುರು ನಿಂತಿದ್ದ. ನಾ ಯಾಕ ಕರೀಲಿ?”

ಸೋಮವಾರ ಸವಿತಾ ಆ ಎರಡು ಪಟ್ಟಿಗಳನ್ನೇ ಕಮಿಟಿಯ ಮುಂದಿಟ್ಟಳು. “ಈ ಸಾಲಿನೊಳಗ ಕೆಲಸ ಐತಿ, ಬಳಗ ಐತಿ, ಓಟೂ ಐತಿ. ಯಾವುದನ್ನ ಕಿತ್ತು ಯಾವ ಡಿಪಾರ್ಟ್‌ಮೆಂಟಿಗೆ ಕೊಡ್ಲಿರಿ ಸರ್?” ಎಂದಳಂತೆ. ಕಮಿಟಿ ಒಪ್ಪಿತು. ನನ್ನ ಉಪದೇಶವನ್ನು ನಾನು ಮರ್ಯಾದೆಯಿಂದ ವಾಪಸ್ ಪಡೆದೆ. ಸೋದರಮಾವನಾಗಿ ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಹಿರಿಹಿರಿ ಹಿಗ್ಗಿದಳು. “ನಾ ಕೇಳಿದ್ದಕ್ಕ ಪಾಸಾತು ನೋಡು” ಎಂದಳು. ಹೌದಲ್ಲವೇ?

“ಹಂಗಾರ ನಾಳೆ ಕಸ ತಗಿಯಾಕ ಶಾಂತವ್ವನ್ನ ಕರೀತೀ ಹೌದಿಲ್ಲೋ ಅಕ್ಕಾ?”



“ತಮ್ಮಾ, ಅದು ಬ್ಯಾರೆ ಸಬ್ಜೆಕ್ಟು.”

ಕಮಿಟಿಯನ್ನು ಸವಿತಾ ಒಪ್ಪಿಸಿದಳು. ಅಕ್ಕನನ್ನು ಒಪ್ಪಿಸುವವರು ಯಾವ ಡಿಪಾರ್ಟ್‌ಮೆಂಟಿನಲ್ಲಿದ್ದಾರೆ?