ಬೆಳ್ಳಗಿದ್ದ ಕೆರೆಯಂಗಳ

ಆ ದಿನವನ್ನು ನೆನೆದಾಗ ಮೊದಲು ಬರುವುದು ಒಂದು ಸದ್ದು, ಒಣಗಿದ ಮೆಕ್ಕೆಜೋಳದ ದಂಟು ಮುರಿದಂಥದು. ನಿಜವಾಗಿ ಹಾಗೇ ಕೇಳಿತೋ, ಊರಿಗೆ ಬಂದಮೇಲೆ ನಾನೇ ಇಲ್ಲಿಯ ಸದ್ದೊಂದನ್ನು ಅಲ್ಲಿಗೆ ಜೋಡಿಸಿದೆನೋ, ಖಚಿತವಿಲ್ಲ.

ಹಿಮಾಚಲದ ಬೆಟ್ಟವೊಂದನ್ನು ಹತ್ತಲು ಹೋದವರು ನಾವಿಬ್ಬರೇ. ನಾನು ಗೋವಿನಕೋವಿಯವನು, ಗೆಳೆಯ ಜಗಳೂರು ಕಡೆಯ ಸೊಕ್ಕೆಯವನು. ಚಳಿಗಾಲ ಆಗಷ್ಟೇ ಶುರುವಾಗಿ ಮೊದಲ ಹಿಮ ಬಿದ್ದಿತ್ತು. ಅವನು ಮನೆಯಿಂದ ಕರಿ ಕಂಬಳಿ ಹೊತ್ತು ತಂದಿದ್ದ. ರೈಲಿನುದ್ದಕ್ಕೂ ನಾನು ಅದನ್ನು ಆಡಿಕೊಂಡಿದ್ದೆ. ಬೆಟ್ಟದ ಮೇಲೆ ನನ್ನ ಹಲ್ಲು ಕಟಕಟ ಎನ್ನತೊಡಗಿದಾಗ ಅವನೇ ಅದನ್ನು ನನ್ನ ಹೆಗಲಿಗೆ ಹಾಕಿದ.

"ಕುರಿ ಎಲ್ಲಿ ಬಿಟ್ಟು ಬಂದೆ ಅಂತಿದ್ದೆಲ್ಲಲೇ? ಈಗ ನೀನೇ ಕುರಿ, ಹೊದ್ಕೋ."

ಇಳಿಯುವಾಗ ಗುಡ್ಡಗಳ ನಡುವೆ ಬೆಳ್ಳಗೆ, ಸಮತಟ್ಟಾದ ಬಯಲು ಸಿಕ್ಕಿತು. ದಾರಿ ಅದನ್ನು ಬಳಸಿಕೊಂಡು ಹೋಗುತ್ತಿತ್ತು. ಸೊಕ್ಕೆಯ ಕಡೆ ಕೆರೆಗಳಲ್ಲಿ ನೀರು ನಿಲ್ಲುವುದೇ ಅಪರೂಪ. ಜನ ಏರಿ ಬಿಟ್ಟು ಒಣ ಅಂಗಳದಲ್ಲೇ ಅಡ್ಡ ಹಾಯುತ್ತಾರೆ.

"ನಮ್ಮ ಕೆರೆ ಅಂಗಳ ಇದ್ದಂಗೇ ಐತೆ. ಸುತ್ತು ಹಾಕಾಕೆ ನಮಗೇನು ಹುಚ್ಚಾ? ಬಾ," ಎಂದು ಅವನು ಇಳಿದೇಬಿಟ್ಟ. ಹೊಳೆದಂಡೆಯವನಾದ ನನಗೂ ಅದರಡಿ ನೀರಿದ್ದೀತು ಎನಿಸಲಿಲ್ಲ.

ಆಗ ಆ ಸದ್ದು. ಅವನು ಎದೆಮಟ್ಟ ಮುಳುಗಿದ್ದ, ಎರಡೂ ತೋಳು ಹಿಮದ ಮೇಲೆ. ಅವನಿಗೆ ಈಜು ಬಾರದು. ಭಯಕ್ಕಿಂತ ಹೆಚ್ಚಾಗಿ ಆಶ್ಚರ್ಯವಿತ್ತು ಅವನ ಮುಖದಲ್ಲಿ.

"ಲೇ, ನೀರೈತಲೇ ಇದ್ರಾಗೆ!"

ನಾನು ತಕ್ಷಣ ಬೋರಲು ಮಲಗಿ ಕಂಬಳಿಯ ತುದಿ ಎಸೆದೆ. ನನ್ನ ನೆನಪು ಹೀಗಿದೆ. ಅವನು ಹೇಳುವುದು ಬೇರೆ: ನಾನು ಕಲ್ಲಾಗಿ ನಿಂತಿದ್ದೆನಂತೆ, "ಕಂಬಳಿ ಒಗಿಯಲೇ" ಎಂದು ಅವನು ಕೂಗಿ ಕೂಗಿ ಸುಸ್ತಾದನಂತೆ. ಆ ಕೂಗು ನನಗೆ ಕೇಳಿಸಿದ್ದೇ ಇಲ್ಲ. ಇಬ್ಬರಿಗೂ ಒಪ್ಪಿಗೆಯಾದದ್ದು ಇಷ್ಟೇ: ಎಳೆದಷ್ಟೂ ಮಂಜುಗಡ್ಡೆಯ ಅಂಚು ಮುರಿಯುತ್ತಲೇ ಹೋಯಿತು, ಕಂಬಳಿ ಮಾತ್ರ ಹರಿಯಲಿಲ್ಲ. ಅವನು ಮೇಲೆ ಬಂದ. ಇಬ್ಬರೂ ಓಡುತ್ತಲೇ ಇಳಿದು ಕೆಳಗಿನ ಚಹಾ ಅಂಗಡಿಯ ಒಲೆ ಮುಂದೆ ಕೂತೆವು.

ಈ ಬೇಸಿಗೆಯಲ್ಲಿ ಸೊಕ್ಕೆಗೆ ಹೋಗಿದ್ದೆ. ಕೆರೆ ಒಣಗಿ ಬಿರುಕು ಬಿಟ್ಟಿತ್ತು, ನಡುವೆ ಕುರಿಗಳು ಮೇಯುತ್ತಿದ್ದವು. ಗೆಳೆಯನೂ ನಾನೂ ಅಂಗಳದ ಅಂಚಿಗೆ ಬಂದಾಗ ಇಬ್ಬರ ಕಾಲೂ ಒಟ್ಟಿಗೇ ನಿಂತವು. ಕುರಿ ಕಾಯುತ್ತಿದ್ದ ಅಜ್ಜಿ ಕೂಗಿ ಕೇಳಿತು:

"ಯಾಕ್ರೋ, ಒಳಗೆ ಮೊಸಳೆ ಐತೇನು? ಅಡ್ಡ ಬರ್ರೋ!"

ಗೆಳೆಯ ನಗಲು ನೋಡಿದ, ಆಗಲಿಲ್ಲ. ನಾವು ಏರಿ ಹತ್ತಿ, ಸುಡುಬಿಸಿಲಲ್ಲಿ ಇಡೀ ಸುತ್ತು ಹಾಕಿಕೊಂಡೇ ಊರು ಸೇರಿದೆವು.